88 ತಿದಿ, ಹತ್ತಾರು ಕೈ

ಪಿಯಾನೋಲಾವನ್ನು ಒಬ್ಬರೇ ಕೂತು ರಿಪೇರಿ ಮಾಡಲು ಆಗುವುದಿಲ್ಲ. ಕೈಗೆ ಕೆಲಸ ಒಗ್ಗುವುದಿಲ್ಲ ಎಂದಲ್ಲ. ಬೇಕಾದ ಬಟ್ಟೆ ಅಂಗಡಿಯಲ್ಲಿ ಸಿಗುವುದಿಲ್ಲ. ಬೇಕಾದ ಕಿವಿ ನಮಗಿನ್ನೂ ಬಂದಿರುವುದಿಲ್ಲ. ಈ ವಾದ್ಯ ಮಾಡುತ್ತಿದ್ದ ಕಾರ್ಖಾನೆಗಳೆಲ್ಲ ಮುಚ್ಚಿ ಎಷ್ಟೋ ಕಾಲವಾಯಿತು. ಉಳಿದಿರುವ ವಿದ್ಯೆ ಎಲ್ಲ ಕೆಲವರ ತಲೆಯಲ್ಲಿದೆ, ಉಳಿದಿರುವ ಸಾಮಾನು ಅವರ ಗ್ಯಾರೇಜಿನಲ್ಲಿದೆ. ಅವರ ಬಾಗಿಲು ತಟ್ಟದೆ ಬೇರೆ ದಾರಿ ಇಲ್ಲ. ನಾನು ತಟ್ಟಿದೆ, ಅವರು ತೆಗೆದರು. ಅದನ್ನು ಬರೆದಿಡಬೇಕು ಅನ್ನಿಸಿದೆ. ನನ್ನ ಮನೆಯಲ್ಲಿ ಈಗ ನುಡಿಯುತ್ತಿರುವ ಪಿಯಾನೋಲಾದಲ್ಲಿ ನನ್ನದು ಎನ್ನಬಹುದಾದದ್ದು ಸ್ವಲ್ಪವೇ ಸ್ವಲ್ಪ.

ಪಿಯಾನೋಲಾ ನೋಡದವರಿಗೆ ಎರಡು ಮಾತು. ಇದು ಕಾಗದದ ಸುರುಳಿಯಿಂದ ನುಡಿಯುವ ಪಿಯಾನೋ. ಸುರುಳಿಯ ಉದ್ದಕ್ಕೂ ಸಣ್ಣ ಸಣ್ಣ ತೂತುಗಳಿರುತ್ತವೆ. ಅದು ಹಿತ್ತಾಳೆಯ ಒಂದು ಪಟ್ಟಿಯ ಮೇಲೆ ಹಾದು ಹೋಗುತ್ತದೆ. ಪಟ್ಟಿಯಲ್ಲೂ 88 ತೂತು, ಪಿಯಾನೋದ ಒಂದೊಂದು ಮನೆಗೆ, ಎಂದರೆ ಬೆರಳಿನಿಂದ ಒತ್ತುವ ಕೀಗೆ, ಒಂದೊಂದು. ಕೂತವರು ಪೆಡಲ್ ತುಳಿದಾಗ ಪೆಟ್ಟಿಗೆಯೊಳಗಿನ ಗಾಳಿ ಹೊರಗೆ ಹೋಗಿ ಒಳಗೆ ಹೀರುವ ಬಲ ಹುಟ್ಟುತ್ತದೆ. ಕಾಗದದ ತೂತು ಪಟ್ಟಿಯ ತೂತಿನ ಮೇಲೆ ಬಂತು ಅನ್ನಿ. ಹೊರಗಿನ ಗಾಳಿ ಒಂದು ಗುಟುಕು ಒಳಗೆ ನುಗ್ಗಿ, ನಳಿಗೆಯಲ್ಲಿ ಇಳಿದು, ತೆಳುವಾದ ಚರ್ಮದ ಪೊರೆಯೊಂದನ್ನು ಎತ್ತುತ್ತದೆ. ಪೊರೆ ಎದ್ದರೆ ಕವಾಟ ಏಳುತ್ತದೆ. ಕವಾಟ ಎದ್ದರೆ ಅಲ್ಲಿರುವ ಪುಟ್ಟ ತಿದಿಯೊಳಗಿನ ಗಾಳಿ ಹೀರಿಹೋಗಿ ತಿದಿ ಥಟ್ಟನೆ ಮುಚ್ಚಿಕೊಳ್ಳುತ್ತದೆ. ಅದರ ಎಳೆತಕ್ಕೆ ಪಿಯಾನೋದ ಸುತ್ತಿಗೆ ತಂತಿಗೆ ಬಡಿಯುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಆಗಬೇಕು. ಅಂಥ ತಿದಿಗಳು 88.

ಅಮೆರಿಕದ ಡೆಟ್ರಾಯಿಟ್‌ನಲ್ಲಿ ಎಡ್ವಿನ್ ವೋಟಿ ಎನ್ನುವವರು 1895ರಲ್ಲಿ ಮೊದಲ ಪಿಯಾನೋಲಾ ಮಾಡಿದರು. ಆಗ ಅದು ಬೇರೆಯೇ ಒಂದು ಪೆಟ್ಟಿಗೆ. ಪಿಯಾನೋ ಮುಂದೆ ತಳ್ಳಿ ನಿಲ್ಲಿಸಿದರೆ ಅದರ ಮರದ ಬೆರಳುಗಳು ಮನೆಗಳನ್ನು ಒತ್ತುತ್ತಿದ್ದವು. ಆಮೇಲೆ ಯಂತ್ರ ಪಿಯಾನೋದ ಒಳಗೇ ಸೇರಿತು. 1908ರಲ್ಲಿ ಬಫಲೋ ಊರಿನಲ್ಲಿ ತಯಾರಕರೆಲ್ಲ ಸೇರಿ ಒಂದು ಅಳತೆಗೆ ಒಪ್ಪಿಕೊಂಡರು. ಕಾಗದದ ಅಗಲ ಹನ್ನೊಂದೂಕಾಲು ಇಂಚು, ಇಂಚಿಗೆ 9 ತೂತು. ಒಬ್ಬರ ಸುರುಳಿ ಇನ್ನೊಬ್ಬರ ಪಿಯಾನೋದಲ್ಲಿ ನುಡಿಯುವುದು ಆ ಒಪ್ಪಂದದಿಂದ. ಪೈಪೋಟಿಯಲ್ಲಿದ್ದ ವ್ಯಾಪಾರಿಗಳು ಅಂದು ಹಾಗೆ ಕೂತು ಮಾತಾಡದಿದ್ದರೆ ಇಂದು ಪಿಯಾನೋಲಾ ಪ್ರಿಯರ ನಮ್ಮ ಗುಂಪಿನಲ್ಲಿ ಸುರುಳಿಗಳ ಕೊಡು-ಕೊಳ್ಳುವಿಕೆಯೇ ಇರುತ್ತಿರಲಿಲ್ಲ.

ನಾನು ಗದಗಿನವನು. ಲಂಡನ್ನಿನ ಪಶ್ಚಿಮಕ್ಕೆ, ಹೇಯ್ಸ್ ಹತ್ತಿರ ಕೆಲಸ, ಅಲ್ಲೇ ಸಂಸಾರ. ಹೇಯ್ಸ್ ಎಂದರೆ ಹಳೆಯ ರೆಕಾರ್ಡ್ ಪ್ರಿಯರಿಗೆ ಗ್ರಾಮಫೋನ್ ಕಂಪನಿಯ ಕಾರ್ಖಾನೆ ನೆನಪಾಗುತ್ತದೆ. ಅದೇ ಊರಿನಲ್ಲಿ ಪಿಯಾನೋಲಾ ಕಾರ್ಖಾನೆಯೂ ಇತ್ತು. ಅಮೆರಿಕದ ಏಯೋಲಿಯನ್ ಕಂಪನಿಯ ಇಂಗ್ಲೆಂಡ್ ಶಾಖೆ 1909ರಲ್ಲಿ ಅದನ್ನು ಕಟ್ಟಲು ಶುರು ಮಾಡಿತು. ಬೆನ್ಲೋ ವರ್ಕ್ಸ್ ಎಂಬ ಆ ದೊಡ್ಡ ಕಟ್ಟಡವನ್ನು ನಾನು ಎಷ್ಟೋ ಸಲ ದಾಟಿ ಹೋಗಿದ್ದೆ. ಒಳಗೆ ಏನು ತಯಾರಾಗುತ್ತಿತ್ತು ಎಂಬುದು ಆಗ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಬ್ರೆಂಟ್‌ಫರ್ಡ್‌ನ ಮ್ಯೂಸಿಕಲ್ ಮ್ಯೂಸಿಯಂನಲ್ಲಿ. ಫ್ರಾಂಕ್ ಹಾಲೆಂಡ್ ಎಂಬುವರು 1963ರಲ್ಲಿ ಅಲ್ಲಿನ ಹೈ ಸ್ಟ್ರೀಟಿನ ಒಂದು ಹಳೆಯ ಚರ್ಚಿನಲ್ಲಿ ಇದನ್ನು ಶುರು ಮಾಡಿದ್ದರು. ಈಗ ಅದೇ ರಸ್ತೆಯಲ್ಲಿ ಸ್ವಂತ ಕಟ್ಟಡ ಇದೆ. ಅಲ್ಲಿ ವಾದ್ಯಗಳು ಗಾಜಿನ ಹಿಂದೆ ಸುಮ್ಮನೆ ನಿಂತಿರುವುದಿಲ್ಲ. ಸ್ವಯಂಸೇವಕರು ಅವನ್ನು ನುಡಿಸಿ ತೋರಿಸುತ್ತಾರೆ. ಒಬ್ಬ ಹಿರಿಯರು ಪಿಯಾನೋಲಾ ತುಳಿಯುತ್ತಿದ್ದಾಗ ನನ್ನ ಕಣ್ಣು ಹೋದದ್ದು ಅವರ ಕಾಲಿನ ಮೇಲೆ. ಅದು ನನಗೆ ಗೊತ್ತಿದ್ದ ಕಾಲು. ನಮ್ಮ ಸೋದರಮಾವ ಗದಗಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಾರೆ. ನಾಟಕ ಕಂಪನಿಗಳ ಕಾಲು ಹಾರ್ಮೋನಿಯಂ ಅವರ ಅಂಗಡಿಗೆ ಬರುತ್ತಿದ್ದವು. ರಿಪೇರಿ ಮುಗಿದ ಮೇಲೆ ಅವರು ಹೀಗೇ, ಹಿಮ್ಮಡಿ ಊರದೆ, ಒಂದು ಕಾಲು ಇಳಿಯುವ ಮೊದಲೇ ಇನ್ನೊಂದು ಕಾಲು ಏರಿಸಿ ತುಳಿಯುತ್ತಿದ್ದರು. ನುಡಿಸುವುದು ಮುಗಿದ ಮೇಲೆ ಆ ಹಿರಿಯರ ಹತ್ತಿರ ಹೋಗಿ ಇದನ್ನೇ ಹೇಳಿದೆ. ಅವರು ಎದ್ದು ನಿಂತು, ಪೆಟ್ಟಿಗೆಯ ಕೆಳಗಿನ ಹಲಗೆ ತೆಗೆದು, ನೆಲದ ಮೇಲೆ ಮಂಡಿಯೂರಿ, ಒಳಗಿನ ತಿದಿ ತೋರಿಸಿದರು. ಗೆಳೆತನ ಆಗಿದ್ದು ಅಲ್ಲೇ.

ಅವರು ಹೀಥ್ರೂನಲ್ಲಿ ವಿಮಾನ ಎಂಜಿನ್ ರಿಪೇರಿ ಮಾಡಿ ನಿವೃತ್ತರಾದವರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲ. ಸರ್ರೆಯಲ್ಲಿ ಯಾರೋ ಮನೆ ಮಾರುತ್ತಿದ್ದಾರೆ, ಒಂದು ಪಿಯಾನೋಲಾ ಇದೆ, ಒಯ್ಯುವವರಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಗುಜರಿ ಎಂದು ತಿಳಿಸಿದವರು ಅವರೇ. ಹೇಯ್ಸ್‌ನಲ್ಲೇ ತಯಾರಾಗಿದ್ದ, ಸ್ಟೆಕ್ ಎಂಬ ಹೆಸರಿನ ಪಿಯಾನೋಲಾ. ಮುನ್ನೂರು ಕಿಲೋಗೆ ಜಾಸ್ತಿ ಭಾರ. ಅದನ್ನು ನಮ್ಮ ಮನೆಗೆ ಸಾಗಿಸಲು ಬಂದವರಲ್ಲಿ ಹೆಚ್ಚಿನವರು ನನಗೆ ಅಪರಿಚಿತರು. ಈ ಎಂಜಿನಿಯರ್ ಫೋನ್ ಮಾಡಿ ಕರೆಸಿದ್ದರು. ಬಂದರು, ಎತ್ತಿದರು, ನನ್ನ ಹೆಂಡತಿ ಕೊಟ್ಟ ಶೇಂಗಾ ಹೋಳಿಗೆ ತಿಂದರು, ಹೋದರು. ಪೆಟ್ರೋಲಿಗೂ ದುಡ್ಡು ತೆಗೆದುಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲಿ ಇಂಥವರದು ಹಳೆಯ ಬಳಗ. ಪ್ಲೇಯರ್ ಪಿಯಾನೋ ಗ್ರೂಪ್ 1959ರಿಂದ ಇದೆ. ಮ್ಯೂಸಿಕಲ್ ಬಾಕ್ಸ್ ಸೊಸೈಟಿ 1962ರಿಂದ. ರೇಡಿಯೋ ಬಂದು, 1929ರ ಆರ್ಥಿಕ ಕುಸಿತ ಬಂದು, ಜನ ಪಿಯಾನೋಲಾದ ಒಳಗಿನದ್ದನ್ನೆಲ್ಲ ಕಿತ್ತು ಬಿಸಾಡಿ ಬರೀ ಪಿಯಾನೋ ಇಟ್ಟುಕೊಳ್ಳುತ್ತಿದ್ದ ಕಾಲ ಒಂದಿತ್ತು. ಆಗ ಅವನ್ನು ಕಸದಿಂದ ಎತ್ತಿಕೊಂಡು ಬಂದವರು ಇವರು.

ಕೆಲಸ ಬಿಚ್ಚುವುದರಿಂದ ಶುರುವಾಯಿತು. ಮೊದಲು ನಳಿಗೆಗಳು. ಈ ಪಿಯಾನೋಲಾದಲ್ಲಿ ಅವು ಸೀಸದವು. ಹಳೆಯ ಮರದ ಆಮ್ಲ ತಾಗಿ ಸೀಸದ ಮೇಲೆ ಬಿಳಿ ಪುಡಿ ಕಟ್ಟಿತ್ತು. ಅದು ವಿಷ. ಕೈಗವಸು, ಮುಖಗವಸು ಇಲ್ಲದೆ ಮುಟ್ಟಬಾರದು, ಮಕ್ಕಳು ಆ ಕೋಣೆಗೆ ಬರಬಾರದು ಎಂದು ಎಂಜಿನಿಯರ್ ಮೊದಲ ದಿನವೇ ಹೇಳಿದರು. ಪುಡಿಯನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು, ಗುಡಿಸಬಾರದು. ಕೆಟ್ಟ ನಳಿಗೆಗಳ ಜಾಗಕ್ಕೆ ರಬ್ಬರಿನವು ಬಂದವು.

ಆಮೇಲೆ ತಿದಿಗಳು. ಅವು ಮೂರು ಅಂತಸ್ತಿನಲ್ಲಿ ಸಾಲಾಗಿ ಅಂಟಿಕೊಂಡಿರುತ್ತವೆ. ಒಂದೊಂದೂ ಎರಡು ತೆಳು ಹಲಗೆ. ಹಿಂದೆ ಬಟ್ಟೆಯ ಕೀಲು, ಸುತ್ತ ರಬ್ಬರ್ ಲೇಪಿಸಿದ ಹತ್ತಿ ಬಟ್ಟೆ. ನೂರು ವರ್ಷದಲ್ಲಿ ಆ ಬಟ್ಟೆ ಗಟ್ಟಿಯಾಗಿ, ಮಡಿಕೆಗಳಲ್ಲಿ ಸೀಳಿತ್ತು. ಬೆಳಕಿಗೆ ಹಿಡಿದರೆ ಮಡಿಕೆಯ ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಕಾಣುತ್ತಿತ್ತು. ವಾದ್ಯ ಮೂಕಾಗಲು ಅಷ್ಟು ಸಾಕು. ‘ತಿದಿ ಸೋರಿದರ ಸ್ವರ ಸೋರತದ’ ಎಂದು ಮಾವ ಹೇಳುತ್ತಿದ್ದದ್ದು ನೆನಪಾಯಿತು.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹೆಚ್ಚಿನ ತಿದಿಗಳು ಬಿಸಿ ಮಾಡಿದ ತೆಳು ಚಾಕು ತೂರಿಸಿದರೆ ಕಟ್ ಎಂದು ಸದ್ದು ಮಾಡಿ ಬಿಟ್ಟುಕೊಂಡವು. ಹಲಗೆಗೆ ಒಂದು ಗೀರೂ ಬೀಳಲಿಲ್ಲ. ಕಾರ್ಖಾನೆಯವರು ಅಂಟಿಸಿದ್ದು ಸರೇಸಿನಿಂದ. ಪ್ರಾಣಿಯ ಚರ್ಮ, ಮೂಳೆ ಕಾಸಿ ಮಾಡುವ ಅಂಟು. ಶಾಖಕ್ಕೆ, ನೀರಿಗೆ ಬಿಡುತ್ತದೆ. ಆದರೆ ಕೆಳಗಿನ ಸಾಲಿನ ಕೆಲವು ತಿದಿಗಳನ್ನು ನಡುವೆ ಯಾರೋ ರಿಪೇರಿ ಮಾಡಿದ್ದರು. ಬಳಸಿದ್ದು ಇಂದಿನ ಬಿಳಿ ಅಂಟು. ಅವು ಬಿಡಲೇ ಇಲ್ಲ. ಮರವೇ ಸಿಬಿರು ಸಿಬಿರಾಗಿ ಎದ್ದು ಬಂತು. ಆ ಹಲಗೆಗಳನ್ನು ಹೊಸದಾಗಿ ಕೊಯ್ದು ಮಾಡಬೇಕಾಯಿತು.

ಎಂಜಿನಿಯರ್ ಸಿಟ್ಟಾಗುವ ಮನುಷ್ಯರಲ್ಲ. ಮುರಿದ ಹಲಗೆ ಕೈಯಲ್ಲಿ ಹಿಡಿದು ಅವರು ಹೇಳಿದ್ದು ಇಷ್ಟು: ‘ಇದನ್ನು ಮಾಡಿದವರು ತಮ್ಮ ಕೆಲಸವೇ ಕೊನೆಯದು ಅಂದುಕೊಂಡಿದ್ದರು.’ ಹೇಯ್ಸ್‌ನ ಕೆಲಸಗಾರರು ಮುಂದೆ ಯಾರೋ ಬಿಚ್ಚುತ್ತಾರೆ ಎಂದು ಲೆಕ್ಕ ಹಾಕಿಯೇ ಅಂಟಿಸಿದ್ದರು. ಆ ಯಾರೋ ನಾನು. ಅವರು ಯಾರು ಎಂದು ನನಗೆ ಗೊತ್ತಾಗುವ ಹಾಗಿಲ್ಲ. ಒಂದೊಂದು ಹಲಗೆಯ ಮೇಲೂ ಅವರ ಪೆನ್ಸಿಲಿನ ಅಂಕಿ ಇದೆ, 1ರಿಂದ 88. ನಾಲ್ಕಕ್ಕೆ ಬಾಲ ಉದ್ದ, ಏಳಕ್ಕೆ ನಡುವೆ ಅಡ್ಡಗೀಟು. ಅಷ್ಟು ಮಾತ್ರ ಅವರ ಪರಿಚಯ. ಆ ಅಂಕಿಗಳು ಇಲ್ಲದಿದ್ದರೆ ಯಾವ ತಿದಿ ಎಲ್ಲಿಯದು ಎಂದು ಹುಡುಕುತ್ತ ನಾನು ಸೋಲುತ್ತಿದ್ದೆ. ಉಪಕಾರ ಎಂದರೆ ಇದು ಎಂದು ನನಗೆ ಆಗ ಮನಸ್ಸಿಗೆ ಬಂತು. ನೂರು ವರ್ಷದ ಹಿಂದಿನವರು ಮಾಡಿ ಹೋದ ಉಪಕಾರ. ವಾಪಸು ಕೊಡಲು ಅವರಿಲ್ಲ. ಮುಂದೆ ಬಿಚ್ಚುವವರಿಗೇ ಕೊಡಬೇಕು.

ಹಾಗಾಗಿ ಸರೇಸನ್ನೇ ಬಳಸಿದೆವು. ಅದರ ಹದದ ಬಗ್ಗೆ ನನ್ನ ಮಾವನಿಗೂ ಎಂಜಿನಿಯರ್‌ಗೂ ವಿಡಿಯೋ ಕಾಲ್‌ನಲ್ಲಿ ನಡೆದ ಮಾತುಕತೆ ಈಗಲೂ ಕಣ್ಣಿಗೆ ಕಟ್ಟಿದೆ. ಎಂಜಿನಿಯರ್ ಲೆಕ್ಕದಲ್ಲಿ ಹರಳನ್ನು ತಣ್ಣೀರಿನಲ್ಲಿ ನೆನೆಹಾಕಿ 60 ಡಿಗ್ರಿಗೆ ಕಾಯಿಸಬೇಕು. ಅದಕ್ಕಿಂತ ಬಹಳ ಮೇಲೆ ಹೋದರೆ ಅಂಟಿನ ಕಸುವು ಇಳಿಯುತ್ತದೆ. ಅವರ ಹತ್ತಿರ ಥರ್ಮಾಮೀಟರ್ ಇತ್ತು. ಮಾವನ ಹತ್ತಿರ ಇದ್ದದ್ದು ಎರಡು ಬೆರಳು. ಅಂಟು ಮುಟ್ಟಿ ಬೆರಳು ಅಗಲಿಸಿದರೆ ಒಂದೆಳೆ ಪಾಕದ ಹಾಗೆ ಎಳೆ ಬರಬೇಕು, ಅದೇ ಹದ ಎಂದರು. ನಾನು ನಡುವೆ ಕೂತು ಇಬ್ಬರ ಮಾತನ್ನೂ ದಾಟಿಸುತ್ತಿದ್ದೆ. ಎಂಜಿನಿಯರ್ ತಮ್ಮ ಬೆರಳು ಅದ್ದಿ ನೋಡಿದರು. ಎಳೆ ಬಂತು. ಥರ್ಮಾಮೀಟರ್ ನೋಡಿದರು. ಸರಿಯಿತ್ತು. ‘ಗಾಳಿ ಒಳಗ ಎಳಿತಾರೋ ಹೊರಗ ತಳ್ಳತಾರೋ?’ ಎಂದು ಮಾವ ಕೇಳಿದರು. ಎಳೆಯುತ್ತದೆ ಎಂದಾಗ, ‘ಹಂಗಾದರ ಬಟ್ಟಿ ತೆಳ್ಳಗ ಇರಲಿ, ಇಲ್ಲಂದರ ಮಡಚಾಕ ಜೋರು ಬೇಕಾಗತದ’ ಎಂದರು. ಜೀವಮಾನದಲ್ಲಿ ಪಿಯಾನೋಲಾ ಕಾಣದ ಮನುಷ್ಯ ಹೇಳಿದ ಮಾತು ಅದು. ಎಂಜಿನಿಯರ್ ಅದನ್ನು ತಮ್ಮ ಪುಸ್ತಕದಲ್ಲಿ ಬರೆದುಕೊಂಡರು.

ಬಟ್ಟೆ ಅಷ್ಟು ಸುಲಭವಾಗಿ ಸಿಗುವುದಲ್ಲ. ಮಾಡುವವರು ಬೆರಳೆಣಿಕೆ, ತರಿಸಿದರೆ ದೊಡ್ಡ ಥಾನೇ ತರಿಸಬೇಕು. ಬಳಗದವರು ಸೇರಿ ಒಂದು ಥಾನು ತರಿಸಿ ಹಂಚಿಕೊಳ್ಳುತ್ತಾರೆ. ನನ್ನ ಪಾಲಿಗೆ ಬೇಕಾದಷ್ಟನ್ನು ಆಗಲೇ ಎತ್ತಿಟ್ಟಿದ್ದರು. ಚರ್ಮದ ಪೊರೆಗಳನ್ನು ಹೇಳಿಕೊಟ್ಟವರು ನಿವೃತ್ತ ಶಾಲಾ ಟೀಚರ್ ಒಬ್ಬರು. ಪೊರೆ ಬಿಗಿಯಾಗಿ ಕೂರಬಾರದು, ನಡುವೆ ಸ್ವಲ್ಪ ತಗ್ಗಿರಬೇಕು, ಊದಿದರೆ ಏಳಬೇಕು, ಬಿಟ್ಟರೆ ತಾನಾಗಿ ಇಳಿಯಬೇಕು. ಅವರು ಒಂದು ಪೊರೆ ಕೂರಿಸಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಇನ್ನೊಂದು ಮಾಡಿ ಅವರಿಗೆ ಕೊಡುತ್ತಿದ್ದೆ. ಸರಿಯಿದ್ದರೆ ಸುಮ್ಮನೆ ಪಕ್ಕಕ್ಕೆ ಇಡುತ್ತಿದ್ದರು. ಚಳಿಗಾಲ ಬಹುಪಾಲು ಹೀಗೇ ಕಳೆಯಿತು.

ನಡುವೆ ಒಂದು ಶನಿವಾರ ಇವರೆಲ್ಲ ನನ್ನನ್ನು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಎಳೆದುಕೊಂಡು ಹೋದರು. ಟಿಪ್ಪುವಿನ ಹುಲಿ ನೋಡಲು. ನಮಗೆಲ್ಲ ಅದು ಇತಿಹಾಸದ ವಸ್ತು, ಅಲ್ವಾ? ಬಿಳಿಯನ ಮೇಲೆ ಎರಗಿದ ಹುಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಹೊತ್ತುಕೊಂಡು ಬಂದದ್ದು. ಇವರಿಗೆ ಅದು ಬಳಗದ ವಾದ್ಯ. ಹ್ಯಾಂಡಲ್ ತಿರುಗಿಸಿದರೆ ಒಳಗಿನ ತಿದಿಗಳು ಕೆಲಸ ಮಾಡಿ, ಮನುಷ್ಯನ ಕೈ ಮೇಲೆ ಕೆಳಗೆ ಆಡಿ, ಅವನ ಬಾಯಿಂದ ನರಳುವ ಸ್ವರ ಬರುತ್ತದೆ. ಹುಲಿಯ ತಲೆಯೊಳಗೆ ಬೇರೆ ಏರ್ಪಾಡು, ಅದರಿಂದ ಗುರುಗುಟ್ಟುವ ಸದ್ದು. ಪಕ್ಕೆಯ ಮುಚ್ಚಳ ತೆಗೆದರೆ 18 ಗುಂಡಿಗಳ ಪುಟ್ಟ ಆರ್ಗನ್. ಲಂಡನ್ನಿನ ಲೀಡನ್‌ಹಾಲ್ ಸ್ಟ್ರೀಟಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಇದ್ದಾಗ ಬಂದವರೆಲ್ಲ ಹ್ಯಾಂಡಲ್ ತಿರುಗಿಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ಅದರ ಮೇಲೆ ಬಿದ್ದು ಒಡೆದದ್ದನ್ನು ಮತ್ತೆ ಜೋಡಿಸಿದರು. ಇದೆಲ್ಲ ಹೇಳಿದವರು ಅವರು. ನಾನು ಶ್ರೀರಂಗಪಟ್ಟಣದ ಕೋಟೆ, ಕಾವೇರಿಯ ಎರಡು ಕವಲು, ಟಿಪ್ಪು ಬಿದ್ದ ಜಾಗ ಹೇಳಿದೆ. ಅವರು ತೀರ ಸಣ್ಣ ಸಣ್ಣ ಪ್ರಶ್ನೆ ಕೇಳಿದರು. ನಮ್ಮ ಕಡೆ ತಿದಿಗೆ ಯಾವ ಚರ್ಮ ಬಳಸುತ್ತಾರೆ, ಆಗಿನ ಮರಗೆಲಸದವರು ಯಾವ ಮರ ಆರಿಸುತ್ತಿದ್ದರು ಎಂದು. ನನಗೆ ತಿಳಿದಷ್ಟು ಹೇಳಿ ಉಳಿದದ್ದನ್ನು ಮಾವನಿಗೆ ಕೇಳಿ ತಿಳಿಸಿದೆ. ಅಲ್ಲಿಯವರೆಗೆ ತೆಗೆದುಕೊಳ್ಳುವವನೇ ಆಗಿದ್ದ ನನಗೆ ಆ ದಿನ ಕೊಡುವುದಕ್ಕೂ ಏನೋ ಇದೆ ಎಂದು ಬಹಳ ಸಂತೋಷವಾಯಿತು.

ಎಲ್ಲ ಜೋಡಿಸಿ, ಪರೀಕ್ಷೆಯ ಸುರುಳಿ ಹಾಕಿದ ದಿನ ಮನೆ ತುಂಬ ಜನ. ಆ ಸುರುಳಿಯಲ್ಲಿ ರಾಗ ಇರುವುದಿಲ್ಲ. ಒಂದೊಂದೇ ಮನೆಯನ್ನು ಕೆಳಗಿನಿಂದ ಮೇಲಕ್ಕೆ ನುಡಿಸುತ್ತದೆ, ಆಮೇಲೆ ಒಂದೇ ಮನೆಯನ್ನು ಪಟಪಟ ಬಾರಿಸುತ್ತದೆ. ವೇಗಕ್ಕೂ ಪರೀಕ್ಷೆ ಇದೆ. ಸುರುಳಿಯ ಮೇಲೆ 70 ಎಂದಿದ್ದರೆ ನಿಮಿಷಕ್ಕೆ 7 ಅಡಿ ಕಾಗದ ಹರಿಯಬೇಕು. ಟೀಚರ್ ಗಡಿಯಾರ ಹಿಡಿದು ನಿಂತರು. ಎಂಜಿನಿಯರ್ ಹಿಂದೆ ಬಗ್ಗಿ ಕಿವಿಗೊಟ್ಟಿದ್ದರು. ಮೇಲಿನ ಸಾಲಿನಲ್ಲಿ ಒಂದು ಸ್ವರ ಅಳುಕಿತು. ಒಂದು ನಳಿಗೆ ಸರಿಯಾಗಿ ಕೂತಿರಲಿಲ್ಲ, ಅದುಮಿದರು, ಸರಿಹೋಯಿತು.

ನುಡಿಸುವುದು ಬೇರೆಯೇ ಪಾಠ. ಪಿಯಾನೋಲಾ ತಾನಾಗಿ ನುಡಿಯುತ್ತದೆ ಎಂದು ಜನ ಹೇಳುತ್ತಾರೆ. ಸ್ವರಗಳು ಮಾತ್ರ ಕಾಗದದಲ್ಲಿವೆ, ಉಸಿರು ನಮ್ಮ ಕಾಲಿನದು. ಮೆಲ್ಲಗೆ ತುಳಿದರೆ ಮೆಲ್ಲಗೆ, ಒಂದು ಸ್ವರದ ಮುಂಚೆ ಚುರುಕಾಗಿ ಒದ್ದರೆ ಆ ಸ್ವರ ಎದ್ದು ನಿಲ್ಲುತ್ತದೆ. ಕೆಲವು ಸುರುಳಿಗಳ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಅಂಕುಡೊಂಕಾಗಿ ಹೋಗಿರುತ್ತದೆ. ಅದರ ಮೇಲೆ ಮುಳ್ಳು ಹಿಡಿದು ಸನ್ನೆಕೋಲನ್ನು ಆಚೀಚೆ ಸರಿಸುತ್ತಿದ್ದರೆ ಲಯ ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಎಂದು ತಿಳಿಯುತ್ತದೆ. ಅಂಚಿನ ಜೋಡಿ ತೂತುಗಳು ಮುಖ್ಯ ರಾಗವನ್ನು ಉಳಿದ ಸ್ವರಗಳಿಂದ ಮೇಲೆತ್ತುತ್ತವೆ. ಎಷ್ಟೋ ಸಂಜೆ ಟೀಚರ್ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು, ನನ್ನ ಕಾಲು ಆತುರ ಪಟ್ಟಾಗ ಮೊಣಕಾಲಿನ ಮೇಲೆ ಬೆರಳು ತಟ್ಟುತ್ತಿದ್ದರು. ನಾರ್ವೆಯ ಸಂಗೀತಕಾರ ಗ್ರೀಗ್‌ನ ಒಂದು ಚಿಕ್ಕ ಕೃತಿ ಮೊದಲಿನಿಂದ ಕೊನೆವರೆಗೆ ಅವರು ಬೆರಳು ಎತ್ತದೆ ಮುಗಿದ ಸಂಜೆ ನನಗೆ ದೊಡ್ಡದು.

ಹಲಗೆಯ ಒಳಮೈಯಲ್ಲಿ ಹೆಸರು, ವರ್ಷ, ಬಳಸಿದ ಅಂಟು, ಬಟ್ಟೆ ಎಲ್ಲ ಪೆನ್ಸಿಲಿನಿಂದ ಬರೆಯಬೇಕು ಎಂದು ಎಂಜಿನಿಯರ್ ಪಟ್ಟು ಹಿಡಿದಿದ್ದರು. ಹೆಮ್ಮೆಗಲ್ಲ, ಮುಂದಿನವರಿಗೆ ತಿಳಿಯಲಿ ಎಂದು. ಸಹಾಯ ಮಾಡಿದವರೆಲ್ಲರ ಹೆಸರನ್ನೂ ನಾನು ಬರೆದೆ. ಮಾವನ ಹೆಸರನ್ನು ಕನ್ನಡದಲ್ಲೇ ಬರೆದೆ. ಎಂಜಿನಿಯರ್ ತಮ್ಮ ಹೆಸರಿನ ಮೊದಲ ಅಕ್ಷರ ಮಾತ್ರ ಸಾಕು ಎಂದರು.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಮಗಳು ಬಳಗದವರನ್ನು ಗ್ಯಾರೇಜಿಗೆ ಕರೆದರು. ಒಂದೊಂದು ಡಬ್ಬಿಗೂ ಚೀಟಿ ಕಟ್ಟಿತ್ತು. ಚರ್ಮ ಟೀಚರ್‌ಗೆ, ಪರೀಕ್ಷೆಯ ಸುರುಳಿ ಮ್ಯೂಸಿಯಂನ ಸ್ವಯಂಸೇವಕರಿಗೆ, ಹೀಗೆ. ಉಳಿದ ಬಟ್ಟೆಯ ಥಾನಿಗೆ ನನ್ನ ಹೆಸರು, ಅದರ ಕೆಳಗೆ ‘ಹೊಸಬರಿಗಾಗಿ’ ಎಂದು. ಅವರಿಗೆ ನಾನು ಬಾಯಿಬಿಟ್ಟು ಕೃತಜ್ಞತೆ ಹೇಳಿದ್ದೆ, ಪರೀಕ್ಷೆಯ ದಿನವೇ, ಎಲ್ಲರ ಎದುರು. ಹೇಳಿದ್ದು ಒಳ್ಳೆಯದಾಯಿತು. ಇಂಥದ್ದನ್ನು ನಾವು ಮನಸ್ಸಿನಲ್ಲೇ ಇಟ್ಟುಕೊಳ್ಳುವುದು ಜಾಸ್ತಿ.

ಈಚೆಗೆ ಸ್ಲೌ ಊರಿನಿಂದ ಒಬ್ಬ ಬಸ್ ಡ್ರೈವರ್ ಬರುತ್ತಿದ್ದಾನೆ. ಪೋಲೆಂಡಿನ ಹುಡುಗ. ಅವನಿಗೂ ಒಂದು ಪಿಯಾನೋಲಾ ಪುಕ್ಕಟೆ ಸಿಕ್ಕಿದೆ. ಥಾನಿನಿಂದ ಬಟ್ಟೆ ಕತ್ತರಿಸಿ ಕೊಟ್ಟೆ. ಭಾನುವಾರಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ಸರೇಸು ಕಾಯುತ್ತದೆ. ಎಷ್ಟು ದುಡ್ಡು ಎಂದು ಅವನು ಕೇಳಿದಾಗ ಟೀಚರ್ ನನಗಿಂತ ಮೊದಲೇ ಉತ್ತರ ಕೊಟ್ಟರು. ಕೆಲಸ ಮುಗಿದ ಮೇಲೆ ಎಲ್ಲರನ್ನೂ ಕರೆದು ನುಡಿಸಬೇಕು ಎಂದರು, ಅಷ್ಟೇ.

ಕರ್ನಾಟಕದಲ್ಲಿ ಇದನ್ನು ಓದುತ್ತಿರುವವರಿಗೆ ಒಂದು ಕೋರಿಕೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗೀತ ಗಡಿಯಾರವನ್ನು ನೀವು ನೋಡಿರಬಹುದು. ಅಂಥ ವಾದ್ಯಗಳು ಅರಮನೆಗೆ ಮಾತ್ರ ಬಂದದ್ದಲ್ಲ. ಬೆಂಗಳೂರು ದಂಡಿನ ಹಳೆಯ ಮನೆಗಳಲ್ಲಿ, ಕೊಡಗಿನ ತೋಟದ ಬಂಗಲೆಗಳಲ್ಲಿ, ಯಾವುದೋ ಅಟ್ಟದ ಮೇಲೆ ಒಂದು ಸಂಗೀತ ಪೆಟ್ಟಿಗೆಯೋ ರೋಲ್ ಪಿಯಾನೋವೋ ಇದ್ದರೆ ಗುಜರಿಗೆ ಹಾಕಬೇಡಿ. ಸಂಗೀತ ಪೆಟ್ಟಿಗೆಗೆ ಕುತೂಹಲಕ್ಕೆಂದು ಕೀಲಿ ಕೊಡಬೇಡಿ. ವೇಗ ಹಿಡಿಯುವ ಪುಟ್ಟ ರೆಕ್ಕೆಯ ಚಕ್ರ ಕೆಟ್ಟಿದ್ದರೆ ಸಿಲಿಂಡರ್ ಒಮ್ಮೆಲೇ ಗಿರ್ರನೆ ಸುತ್ತಿ, ಅದರ ಮೊಳೆಗಳೂ ಅವು ಮೀಟುವ ಲೋಹದ ಬಾಚಣಿಗೆಯ ಹಲ್ಲುಗಳೂ ಒಂದೇ ಗಳಿಗೆಯಲ್ಲಿ ಉದುರಿಹೋಗುತ್ತವೆ. ಎಣ್ಣೆ ಬಿಡಬೇಡಿ. ಮುಚ್ಚಳ ತೆಗೆದು ಒಳಗಿನ ಫೋಟೋ ತೆಗೆಯಿರಿ, ಸುರುಳಿಗಳಿದ್ದರೆ ಒದ್ದೆಯಾಗದ ಕಡೆ ಮಲಗಿಸಿಡಿ, ಆಮೇಲೆ ಈ ಬಳಗಗಳಲ್ಲಿ ಯಾರನ್ನಾದರೂ ಕೇಳಿ. ಗದಗಿನ ಆಸುಪಾಸಿನಲ್ಲಿದ್ದರೆ ಮಾವ ತಾವೇ ಬಂದು ನೋಡುತ್ತೇನೆ ಎಂದಿದ್ದಾರೆ.